ಡ್ರೈವಿನ ಕಾವು

ಮೊಟ್ಟೆಯ ಕಾವು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಸೊಸೆ ಅದನ್ನು ಮುಚ್ಚಿದ ಕಣ್ಣರೆಪ್ಪೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಕಾವುಪೆಟ್ಟಿಗೆಯ ಬಾಗಿಲ ಮೇಲೆ ಉಷ್ಣಾಂಶ ತೋರಿಸುವ ಅಂಕಿಗಳು ಹಗಲೂ ರಾತ್ರಿ ಕೆಂಪಗೆ ಉರಿಯುತ್ತಿದ್ದವು. ಆದರೂ ತಟ್ಟೆಯ ನಡುವಿನಿಂದ ಒಂದು, ಮೂಲೆಯಿಂದ ಒಂದು ಮೊಟ್ಟೆ ತೆಗೆದು ರೆಪ್ಪೆಗೆ ಒತ್ತಿಕೊಳ್ಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅಂಗೈಯನ್ನು ನಂಬುವಂತಿಲ್ಲ, ಕೆಲಸ ಮಾಡಿ ಮಾಡಿ ಅದರ ಚರ್ಮ ದಪ್ಪಗಾಗಿರುತ್ತದೆ. ರೆಪ್ಪೆ ಮಾತ್ರ ಹುಟ್ಟಿದಾಗ ಹೇಗಿತ್ತೋ ಹಾಗೇ ಇರುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರು ಮಾವ. ಈ ಮನೆಗೆ ಬಂದ ಹೊಸದರಲ್ಲಿ ಮೊಟ್ಟೆ ಹಿಡಿಯುವುದನ್ನೂ ಅವರೇ ಕಲಿಸಿದ್ದರು. ಈಗ ಅವರಿಗೆ ಮಂಡಿ ಹೋಗಿತ್ತು, ಹ್ಯಾಚರಿಯ ಪೂರ್ತಿ ಹೊಣೆ ಇವಳ ತಲೆಯ ಮೇಲೆ ಬಿದ್ದಿತ್ತು. ಗಂಡ ಬೆಳಕು ಹರಿಯುತ್ತಲೇ ಕೋಳಿಮರಿಗಳ ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬಿಕೊಂಡು ಹೊರಟರೆ ಊರೂರು ಸುತ್ತಿ ಸಂಜೆಗೆ ಮುಖ ತೋರಿಸುವವನು.

ಮೈದುನನ ಕಸುಬು ಇದಕ್ಕೆ ತದ್ವಿರುದ್ಧ. ಡೈರಿಗಳಲ್ಲಿ ಹಾಲು ತಣ್ಣಗಿಡುವ ತೊಟ್ಟಿ, ಅಂಗಡಿಯವರ ಫ್ರಿಜ್ಜು, ಮೀನು ಮಾರುವವರ ಮಂಜುಗಡ್ಡೆಯ ಯಂತ್ರ, ಯಾವುದು ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು. ಸುತ್ತಲಿನ ಜನ ಅವನಿಗೆ ಥಂಡಿ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿ, ಮನೆಯವರೂ ಈಗ ಹಾಗೇ ಕರೆಯುತ್ತಿದ್ದರು. ಒಬ್ಬಳು ಬಿಸಿ ಮಾಡ್ತಾಳೆ, ಒಬ್ಬ ಆರಿಸ್ತಾನೆ, ಹಾಗಾಗಿ ನಮ್ಮ ತಟ್ಟೆಗೆ ಬರೋದೆಲ್ಲ ಉಗುರುಬೆಚ್ಚಗೆ ಎಂದು ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುವನು. ಹಳೆಯ ಮಾತಾದರೂ ಮಾವ ಪ್ರತಿ ಸಲವೂ ನಗುತ್ತಿದ್ದರು.

ಹ್ಯಾಚರಿಯ ಶೆಡ್ಡಿಗೂ ಮನೆಗೂ ನಡುವೆ, ಹಿಂದೆ ಮೊಟ್ಟೆ ವಿಂಗಡಿಸುತ್ತಿದ್ದ ಕೋಣೆಯೊಂದಿತ್ತು. ಥಂಡಿಯ ಕಂಪ್ಯೂಟರ್ ಇದ್ದದ್ದು ಅಲ್ಲಿ. ಅಂಗಡಿಯಿಂದ ಇಡಿಯಾಗಿ ತಂದದ್ದಲ್ಲ. ಒಂದೊಂದೇ ಭಾಗ ಕೂಡಿಹಾಕಿ ತಾನೇ ಜೋಡಿಸಿದ್ದು. ದೊಡ್ಡ ಕಪ್ಪು ಡಬ್ಬಿ, ಒಂದು ಮಗ್ಗುಲಿಗೆ ಗಾಜು. ಗಾಜಿನೊಳಗೆ ಫ್ಯಾನುಗಳು ತಿರುಗುವುದು ಕಾಣುತ್ತಿತ್ತು. ಕೆಲಸದಿಂದ ಬಂದವನು ಅದರ ಮುಂದೆ ಕೂತು ಯುದ್ಧದ ಆಟ ಆಡುವನು. ಆಟಕ್ಕಿಂತ ಹೆಚ್ಚಾಗಿ ಅವನ ಕಣ್ಣು ಪರದೆಯ ಮೂಲೆಯಲ್ಲಿರುತ್ತಿತ್ತು. ಯಾವ ಭಾಗ ಎಷ್ಟು ಬಿಸಿಯಾಗಿದೆ ಎಂಬ ಅಂಕಿಗಳನ್ನು ಅಲ್ಲಿ ಸಾಲಾಗಿ ಕಾಣುವಂತೆ ಮಾಡಿಕೊಂಡಿದ್ದ. ಹಾಲಿನ ತೊಟ್ಟಿಯಾದರೂ ಅಷ್ಟೆ, ಕಂಪ್ಯೂಟರಾದರೂ ಅಷ್ಟೆ, ತಣ್ಣಗಿದ್ದರೆ ಬಾಳಿಕೆ ಎನ್ನುವುದು ಅವನ ನಂಬಿಕೆ. ಅವನಿಗಿದ್ದ ಒಂದೇ ತಕರಾರು ಮರಿಗಳ ತುಪ್ಪುಳಿನದು. ಮೊಟ್ಟೆಯೊಡೆದು ಬಂದ ಮರಿಗಳ ಮೈಯಿಂದ ಏಳುವ ಹಳದಿ ಧೂಳು ಬಾಗಿಲ ಸಂದಿಯಲ್ಲಿ ತೂರಿ ಬಂದು ಡಬ್ಬಿಯ ಮುಂದಿನ ಜಾಲರಿಗೆ ಮೆತ್ತಿಕೊಳ್ಳುತ್ತಿತ್ತು. ಶೆಡ್ಡಿನಿಂದ ಬಂದವರು ಬಟ್ಟೆ ಕೊಡವದೆ ಆ ಕೋಣೆಗೆ ಕಾಲಿಡಬಾರದೆಂದು ಅತ್ತಿಗೆಗೆ ಅವನ ಕಟ್ಟಪ್ಪಣೆ. ಅವಳು ಅದನ್ನು ಕಿವಿಗೆ ಹಾಕಿಕೊಂಡವಳಲ್ಲ.

ಮಾವನಿಗೆ ಆ ಯಂತ್ರದ ನಂಟು ಬೆಳೆದದ್ದು ಮಂಡಿ ಹೋದ ಮೇಲೆ. ಹೊಲದ ಕಡೆ ನಡೆಯಲಾಗದೆ ಕಿಟಕಿಯ ಬಳಿ ಕೂತು ದಾರಿ ನೋಡುತ್ತಿದ್ದ ಅಪ್ಪನನ್ನು ಕಂಡು ಥಂಡಿ ಬೇಸಾಯದ ಆಟವೊಂದನ್ನು ಹಾಕಿಕೊಟ್ಟ. ಪರದೆಯ ಮೇಲೆ ನೆಲ, ಟ್ರಾಕ್ಟರು, ಬಿತ್ತನೆ, ಕುಯಿಲು. ಕಾಲಿಗೆ ಕೆಸರು ಹತ್ತದ ಹೊಲ ಎಂಥ ಹೊಲವೋ ಎಂದು ಮೊದಮೊದಲು ಮೂಗು ಮುರಿದ ಮುದುಕರು ಆಮೇಲೆ ಊಟಕ್ಕೆ ಕರೆದರೂ ಏಳದಂತಾದರು. ಎಡಕ್ಕೆ ಒಂದು ತೊರೆ, ಬದುವಿನ ಮೇಲೆ ಮರ, ಕಲ್ಲೇ ಇಲ್ಲದ ಕಪ್ಪು ಮಣ್ಣು. ತಮ್ಮ ಹೊಲದ ಕಲ್ಲು ಆರಿಸಿಯೇ ಅವರ ಬೆನ್ನು ಬಾಗಿತ್ತು. ಇಲ್ಲಿ ನೇಗಿಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಥಂಡಿ ಕಂಪ್ಯೂಟರಿನ ನೆನಪು ಕೂಡಿಡುವ ಡ್ರೈವುಗಳ ಪೈಕಿ ತನ್ನ ಹಳೆಯ ಎಸ್‌ಎಸ್‌ಡಿಯೊಂದನ್ನು ಅಪ್ಪನ ಆಟಕ್ಕೆಂದೇ ಬಿಟ್ಟುಕೊಟ್ಟ. ಆಟವೆಲ್ಲ ಉಳಿದಿರುವುದು ಅದರಲ್ಲೇ ಎಂದು ಅತ್ತಿಗೆಗೂ ತೋರಿಸಿದ. ಬೆರಳುದ್ದದ ತೆಳು ಪಟ್ಟಿ, ಮೇಲೆ ಒಂದೆರಡು ಕಪ್ಪು ಚಿಪ್ಪು. ಅಷ್ಟರಲ್ಲಿ ಇಷ್ಟು ದೊಡ್ಡ ಹೊಲ ಹಿಡಿಸಿದ್ದು ಹೇಗೆಂದು ಅವಳು ಬೆರಗಾದಳು. ಡಬ್ಬಿಯಲ್ಲಿ ಅದಕ್ಕೆ ಉಳಿದಿದ್ದ ಜಾಗ ಒಂದೇ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಅಡಿಗೆ. ಆ ಕಾರ್ಡು ಬಿಸಿಯುಸಿರು ಬಿಡುವುದೆಲ್ಲ ಅದರ ಮೇಲೇ. ಪಾಪದ್ದನ್ನ ಒಲೆ ಕೆಳಗೆ ಮಲಗಿಸಿದ ಹಾಗಾಯ್ತು ಎಂದು ಥಂಡಿ ಹೇಳಿಕೊಂಡ.

ಯಂತ್ರ ಓಡುತ್ತಿರುವಷ್ಟು ಹೊತ್ತು ಮಾತ್ರ ಆ ಆಟದ ಬೆಳೆ ಬೆಳೆಯುವುದು. ಆದ್ದರಿಂದ ಮಾವ ಅದನ್ನು ಆರಿಸಲು ಬಿಡುತ್ತಿರಲಿಲ್ಲ. ಕರೆಂಟು ಹೋದರೂ ನಿಲ್ಲದಂತೆ ಅದರ ತಂತಿಯನ್ನು ಹ್ಯಾಚರಿಯ ಜನರೇಟರಿನ ಸಾಲಿಗೆ ಸೇರಿಸಲಾಗಿತ್ತು.

ಹೋದ ಚಳಿಗಾಲದಲ್ಲಿ ಮಾವ ಹಾಸಿಗೆ ಹಿಡಿದಿದ್ದರು. ಕೈಕಾಲು ತಣ್ಣಗಾಗಿ, ಕಣ್ಣು ಮೇಲೆ ಸಿಕ್ಕಿ, ವೈದ್ಯರು ಗಂಡನನ್ನು ಹೊರಗೆ ಕರೆದು ಯಾರಿಗಾದರೂ ಹೇಳಿಕಳಿಸುವುದಿದ್ದರೆ ಕಳಿಸಿ ಎಂದಿದ್ದರು. ಅದರ ಮಾರನೆಯ ಬೆಳಿಗ್ಗೆ ಸೊಸೆ ಗಂಜಿ ತೆಗೆದುಕೊಂಡು ಹೋದರೆ ಹಾಸಿಗೆ ಖಾಲಿ. ಮುದುಕರು ಗೋಡೆ ಹಿಡಿದುಕೊಂಡು ಹೋಗಿ ಯಂತ್ರದ ಮುಂದೆ ಕೂತು ಗೋಧಿ ಕೊಯ್ಯುತ್ತಿದ್ದರು. ಗಟ್ಟಿ ಜೀವ ಎಂದು ಎಲ್ಲರೂ ಹೊಗಳಿದರು. ಹೇಗೆ ಎದ್ದಿರಿ ಮಾವ ಎಂದು ಅವಳು ಕೇಳಿದ್ದಕ್ಕೆ ಅವರು, ಏಳಲಿಲ್ಲಮ್ಮ, ಈ ಕಡೆ ಬಂದೆ ಅಷ್ಟೆ ಎಂದಿದ್ದರು. ಆಗ ಅವಳು ಅದಕ್ಕೆ ಅರ್ಥ ಹುಡುಕಲು ಹೋಗಲಿಲ್ಲ.

ಬೇಸಗೆ ಬಂತು. ಆಟದ ಟ್ರಾಕ್ಟರು ನಡುಹೊಲದಲ್ಲಿ ನಿಂತು ನಿಂತು ಹೋಗತೊಡಗಿತು. ಥಂಡಿ ಪರದೆಯ ಮೂಲೆ ನೋಡಿದ: ಅಪ್ಪನ ಡ್ರೈವು ಎಪ್ಪತ್ತು ಡಿಗ್ರಿ ದಾಟಿತ್ತು. ಅಷ್ಟು ಬಿಸಿಯಾದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದಂತೆ. ಆ ದಿನಗಳಲ್ಲಿ ಮಾವನೂ ಅಂಗಿ ಕಿತ್ತೆಸೆದು ಬೆವರು ಸುರಿಸುತ್ತ ಕೂತಿರುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಸೆಕೆಯಾಗಿದ್ದರಿಂದ ಯಾರೂ ಅದನ್ನು ಬೇರೆಯಾಗಿ ಕಾಣಲಿಲ್ಲ. ಥಂಡಿ ಡಬ್ಬಿಯ ಮುಂಭಾಗಕ್ಕೆ ಇನ್ನೊಂದು ಫ್ಯಾನು ಕೂರಿಸಿದ, ಜಾಲರಿ ತೊಳೆದ. ಅಂಕಿ ನಲವತ್ತರ ಆಸುಪಾಸಿಗೆ ಇಳಿಯಿತು. ಮಾವ ಮತ್ತೆ ಅಂಗಿ ತೊಟ್ಟರು.

ಬೇರೆಯವನಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದ. ಥಂಡಿ ಹೀಟ್‌ಸಿಂಕ್ ತಂದ. ಸಾಲು ಸಾಲು ಏಣುಗಳಿದ್ದ ಅಲ್ಯೂಮಿನಿಯಂ ತುಂಡು ಅದು. ಅದರ ಅಡಿಗೆ ಮೆತ್ತನೆಯ ಪ್ಯಾಡು, ಡ್ರೈವಿನ ಶಾಖವನ್ನು ಹೀರಿ ಲೋಹಕ್ಕೆ ದಾಟಿಸುವುದಕ್ಕೆ. ರಜೆಯ ದಿನ ಮಧ್ಯಾಹ್ನ ಅದನ್ನು ಹಾಕಲು ಕೂತ. ಅಪ್ಪ ಪಕ್ಕದ ಕುರ್ಚಿಯಲ್ಲಿ, ಅತ್ತಿಗೆ ಬಾಗಿಲಲ್ಲಿ ಒಡೆದ ಮೊಟ್ಟೆ ಬೇರೆ ಮಾಡುತ್ತ.

"ಆ ಎಡಗಡೆ ಹೊಲಕ್ಕೆ," ಎಂದು ಮಾವ ಏನೋ ಹೇಳಲು ಶುರುಮಾಡಿದರು. ಥಂಡಿ ಸ್ವಿಚ್ಚು ಆರಿಸಿದ. ಮಾತು ಅಲ್ಲಿಗೇ ನಿಂತಿತು.

ನೋಡಿದರೆ ಮುದುಕರ ಗಲ್ಲ ಎದೆಗೆ ತಾಗಿತ್ತು, ನಿದ್ದೆ. ಅಣ್ಣನಿಗೆ ಉಪದೇಶ ಶುರುಮಾಡಿದಾಗಲೂ ಅಪ್ಪನಿಗೆ ಹೀಗೇ ನಿದ್ದೆ ಬಂದಿದ್ರೆ ಚೆನ್ನಾಗಿತ್ತು ಎಂದು ಥಂಡಿ ನಕ್ಕ, ಅವಳೂ ನಕ್ಕಳು. ಅವನು ನಿಧಾನವಾಗಿ ತಿರುಪು ಬಿಚ್ಚಿ, ಹೀಟ್‌ಸಿಂಕ್ ಕೂರಿಸಿ, ಗಾಜು ಮುಚ್ಚಿ, ಸ್ವಿಚ್ಚು ಹಾಕಿದ. ಫ್ಯಾನುಗಳು ತಿರುಗಿದವು.

"ನೀರು ಬಿಡ್ಬೇಕು," ಎಂದರು ಮಾವ, ತಲೆ ಎತ್ತಿ.

ಅವಳ ಕೈಯಲ್ಲಿದ್ದ ಮೊಟ್ಟೆ ಜಾರಿ ಬುಟ್ಟಿಗೆ ಬಿತ್ತು. ನಿಂತ ಮಾತು ನಿಂತಲ್ಲಿಂದಲೇ ಮುಂದುವರಿದದ್ದು ಥಂಡಿಗೆ ಹೊಳೆಯಲೇ ಇಲ್ಲ. ಅವನ ಗಮನವೆಲ್ಲ ಅಂಕಿಯ ಮೇಲಿತ್ತು. ಅಂಕಿ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಲೋಹದ ತುಂಡು ಹಾಕಿದರೂ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ತಂಪು ಹಂಚಿದವನಿಗೆ ಬೆರಳುದ್ದದ ಪಟ್ಟಿ ಮಣಿಯುವುದಿಲ್ಲವೆಂದರೆ ಹೇಗೆ? ನಾಲ್ಕು ದಿನ ಮುಖ ಊದಿಸಿಕೊಂಡು ತಿರುಗಿ ಕೊನೆಗೆ ಮತ್ತೆ ಬಿಚ್ಚಿದ. ಆಗ ಕಂಡಿತು. ಪ್ಯಾಡಿನ ಮೇಲೆ ಅಂಟಿಸಿ ಬರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಲಿಯದೆಯೇ ಕೂರಿಸಿದ್ದ. ಶಾಖ ಆ ಹಾಳೆಯ ಆಚೆ ದಾಟಿಯೇ ಇರಲಿಲ್ಲ. ಮೊಟ್ಟೆಯ ಪೆಟ್ಟಿಗೆಗೆ ಹೊದಿಕೆ ಹೊದಿಸೋ ಕೆಲಸ ನನ್ನದು, ನೀನೂ ಅದನ್ನೇ ಮಾಡಿದೆಯಲ್ಲ ಎಂದು ಅತ್ತಿಗೆ ಕಿಚಾಯಿಸಿದಳು. ಅವನು ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಸರ್ರನೆ ಸುಲಿದು, ಮುದ್ದೆ ಮಾಡಿ ಕಿಟಕಿಯಾಚೆ ಎಸೆದ.

ಅಂದು ಸಂಜೆಯೊಳಗೆ ಡ್ರೈವು ಮೂವತ್ತೊಂದಕ್ಕೆ ಬಂತು. ಥಂಡಿ ಎಲ್ಲರನ್ನೂ ಕರೆದು ತೋರಿಸಿದ. ಮಾವ ಹೊದಿಕೆ ಕೇಳಿದರು.

ಮಾರನೆಯ ದಿನ ಅವರ ಕೈಯಿಂದ ಲೋಟ ಜಾರಿತು. ತುಟಿ ನೀಲಿಗಟ್ಟಿತ್ತು. ಹೊರಗೆ ಬಿಸಿಲಿಗೆ ಅಂಗಳದ ಕಲ್ಲು ಕಾಲಿಡಲಾಗದಂತೆ ಕಾದಿತ್ತು, ಒಳಗೆ ಮುದುಕರು ಎರಡು ಹೊದಿಕೆಯಡಿ ಹಲ್ಲು ಕಟಗುಟ್ಟಿಸುತ್ತಿದ್ದರು. ವೈದ್ಯರು ಬಂದು ಥರ್ಮಾಮೀಟರನ್ನು ಎರಡು ಸಲ ಕೊಡವಿ ನೋಡಿ, ವಯಸ್ಸಾಯಿತು, ರಕ್ತ ಓಡುತ್ತಿಲ್ಲ, ಬೆಚ್ಚಗಿಡಿ ಎಂದು ಹೇಳಿ ಹೋದರು. ಬೆಚ್ಚಗಿಡುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಸಿನೀರಿನ ಚೀಲ ಇಟ್ಟಳು, ಪಾದ ತಿಕ್ಕಿದಳು, ಮರಿಗಳ ಮೇಲೆ ತೂಗುಹಾಕುವ ದೀಪ ತಂದು ಮಂಚದ ಮೇಲೆ ಕಟ್ಟಿದಳು. ಮಾವನ ಚರ್ಮ ಕೆಂಪಗಾಯಿತು. ಅವರ ಬೆರಳನ್ನು ತನ್ನ ರೆಪ್ಪೆಗೆ ಒತ್ತಿಕೊಂಡು ನೋಡಿದಳು. ಮೇಲೆ ಬಿಸಿ, ಒಳಗೆ ತಣ್ಣಗೆ. ಮರೆತು ಹೊರಗೆ ಬಿಟ್ಟ ಮೊಟ್ಟೆಯನ್ನು ಗಡಿಬಿಡಿಯಲ್ಲಿ ಕಾಯಿಸಿದರೆ ಹೀಗೇ ಆಗುತ್ತದೆ, ಓಡು ಸುಡುತ್ತದೆ, ಒಳಗಿನ ಜೀವಕ್ಕೆ ತಲುಪುವುದಿಲ್ಲ.

ಇತ್ತ ಡ್ರೈವಿನ ಅಂಕಿ ಇಳಿಯುತ್ತಲೇ ಇತ್ತು. ಇಪ್ಪತ್ತೊಂಬತ್ತು. ಇಪ್ಪತ್ತಾರು. ಮೊದಲು ಬೀಗಿದ ಥಂಡಿ ಆಮೇಲೆ ತಲೆಯೆತ್ತಿ ಗೋಡೆ ನೋಡಿದ. ಕೋಣೆಯ ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರು ಮೂವತ್ತೈದು ತೋರಿಸುತ್ತಿತ್ತು. ಮಂಜಿಲ್ಲ, ಗ್ಯಾಸಿಲ್ಲ, ಬರೀ ಗಾಳಿ ಬೀಸಿ ಯಾವ ವಸ್ತುವನ್ನೂ ಕೋಣೆಗಿಂತ ತಣ್ಣಗೆ ಮಾಡಲಾಗುವುದಿಲ್ಲ. ಅದು ಅವನ ಕಸುಬಿನ ಮೊದಲ ಪಾಠ. ಡ್ರೈವಿನ ಬಿಸಿ ಅಳೆಯುವ ಸೆನ್ಸರು ಕೆಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಡೈರಿಯ ಕೆಲಸಕ್ಕೆ ಹೋದ.

ಬಿಸಿನೀರು ಹೊತ್ತು ಓಡಾಡುವಾಗಲೆಲ್ಲ ಅವಳಿಗೆ ಆ ಅಂಕಿ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಅಂಕಿ ಇಳಿದಾಗಲೆಲ್ಲ ಅಲ್ಲಿ ಮಾವ ಇನ್ನಷ್ಟು ಮುದುಡುತ್ತಿದ್ದರು. ಅರ್ಧಕ್ಕೆ ನಿಂತು ಆಮೇಲೆ ಪೂರ್ತಿಯಾದ ಆ ಮಾತು ಅವಳಿಗೆ ನೆನಪಾಯಿತು. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಗಂಡ ಮನೆಯಲ್ಲಿಲ್ಲ, ಇದ್ದರೂ ನಿದ್ದೆಗೆಟ್ಟಿದ್ದೀಯ ಎನ್ನುತ್ತಾನೆ. ಅವಳು ಶೆಡ್ಡಿಗೆ ಹೋದಳು. ಮರಿ ಒಡೆಯುವ ಪೆಟ್ಟಿಗೆಯ ತಳದಿಂದ ತುಪ್ಪುಳನ್ನು ಎರಡು ಕೈ ತುಂಬ ಬಳಿದು ತಂದು, ಡಬ್ಬಿಯ ಮುಂದಿನ ಜಾಲರಿಗೆ ಗೋಡೆಗೆ ಮಣ್ಣು ಮೆತ್ತುವ ಹಾಗೆ ಮೆತ್ತಿದಳು. ಫ್ಯಾನು ಏದುಸಿರು ಬಿಟ್ಟಿತು.

ಅಂಕಿ ಮೇಲಕ್ಕೆ ಹತ್ತತೊಡಗಿತು. ಅದು ಮೂವತ್ತೆಂಟಕ್ಕೆ ಬಂದು ನಿಂತಾಗ ಒಳಗಿನಿಂದ ಮಾವನ ದನಿ ಕೇಳಿತು. ಒಲೆಯ ಮೇಲೇನಿದೆ, ಹಸಿವಾಗಿದೆ ಎನ್ನುತ್ತಿದ್ದರು. ಅವಳು ಓಡಿಹೋಗಿ ಕೈ ಹಿಡಿದು ನೋಡಿದಳು. ಬೆಚ್ಚಗಿತ್ತು, ಒಳಗಿನಿಂದ ಬೆಚ್ಚಗೆ. ಖಾತರಿ ಮಾಡಿಕೊಳ್ಳಲೆಂದು ವಾಪಸು ಬಂದು ತುಪ್ಪುಳು ಕೆರೆದು ತೆಗೆದಳು, ಸ್ವಲ್ಪ ಹೊತ್ತು ಕಾದಳು. ಒಳಗೆ ಲೋಟ ಕಟಕಟ ಹಲ್ಲಿಗೆ ಬಡಿಯುವ ಸದ್ದಾಯಿತು. ತುಪ್ಪುಳನ್ನು ಮತ್ತೆ ಮೆತ್ತಿದಳು. ಇನ್ನೊಮ್ಮೆ ಹಾಗೆ ಪರೀಕ್ಷೆ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ.

ಅಂದಿನಿಂದ ಅವಳ ದಿನಚರಿಗೆ ಇನ್ನೊಂದು ಕಾವು ಸೇರಿತು. ಶೆಡ್ಡಿನಲ್ಲಿ ತಟ್ಟೆ ತಿರುಗಿಸಿ ಬಂದು ಇಲ್ಲಿ ಅಂಕಿ ನೋಡುವಳು. ಏರಿದರೆ ಒಂದು ಚಿಟಿಕೆ ತುಪ್ಪುಳು ಕಿತ್ತು, ಇಳಿದರೆ ಒಂದು ಚಿಟಿಕೆ ಮೆತ್ತಿ, ಮೊಟ್ಟೆಗೆಷ್ಟೋ ಅಷ್ಟಕ್ಕೇ ಹಿಡಿದು ನಿಲ್ಲಿಸುವಳು. ಮಾವ ಚೇತರಿಸಿಕೊಂಡು ಯಂತ್ರದ ಮುಂದೆ ಕೂತರು. ಅವಳು ಜಾಲರಿಯ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ಸಂಜೆ ಥಂಡಿ ಬಾಗಿಲಿಗೆ ಬಂದು ನಿಂತದ್ದು. ಅವಳ ಮುಷ್ಟಿಯಲ್ಲಿ ಹಳದಿ ಉಂಡೆ. ಅವನು ರೇಗಲಿಲ್ಲ. ಅವಳನ್ನು ಅಂಗಳಕ್ಕೆ ಕರೆದ.

"ಅತ್ತಿಗೆ, ನಾನು ನಿಮಗೇನು ಅನ್ಯಾಯ ಮಾಡಿದ್ದೀನಿ?"

ಅವಳು ಒಂದನ್ನೂ ಬಿಡದೆ ಹೇಳಿದಳು. ಅವನು ಮೊದಲು ನಕ್ಕ, ನಡುವೆ ನೆಲ ನೋಡಿದ, ಕೊನೆಗೆ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟ. ನಂಬಿಕೆ ಬರಲಿಲ್ಲವೆಂದರೆ ಹೋಗಿ ಜಾಲರಿ ಕೆರೆದು ಅಪ್ಪನ ಕೈ ಹಿಡಿದು ನೋಡು ಎಂದಳು. ಅವನು ಏಳಲಿಲ್ಲ.

"ನಾನೂ ಒಂದು ಹೇಳ್ಬೇಕು," ಎಂದ. "ಆ ಡ್ರೈವು ಬಹಳ ದಿನ ಬರಲ್ಲ. ಹಳೇದು. ಬೇಸಗೇಲಿ ಬೇರೆ ಬೆಂದಿದೆ. ಕಂಪ್ಯೂಟರ್ ನಿನ್ನೆಯಿಂದ ಎಚ್ಚರಿಕೆ ತೋರಿಸ್ತಿದೆ, ಇದರಲ್ಲಿರೋದನ್ನ ಬೇಗ ಬೇರೆ ಕಡೆ ತೆಗೆದುಕೋ ಅಂತ."

"ಅದು ನಿಂತರೆ?"

ಆರಿಸಿದರೆ ನಿದ್ದೆ, ತಣ್ಣಗಾದರೆ ಚಳಿ. ನಿಂತೇ ಹೋದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಕೋಣೆಯೊಳಗಿನಿಂದ ಮಾವ ಯಾವುದೋ ಬೆಳೆಯ ಜೊತೆ ಗೊಣಗಾಡುವುದು ಕೇಳುತ್ತಿತ್ತು.

ಹೊಸ ಡ್ರೈವು ತಂದು ಹಳೆಯದರಲ್ಲಿರುವುದನ್ನೆಲ್ಲ ಇದ್ದ ಹಾಗೇ ಅದಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಗಂಡನಿಗೆ ಯಂತ್ರ ರಿಪೇರಿ ಎಂದಷ್ಟೇ ಹೇಳಿದರು. ಒಂದು ಬೆಳಿಗ್ಗೆ ಅವನ ವ್ಯಾನು ತಿರುವು ದಾಟಿದ ಮೇಲೆ ಕೆಲಸ ಶುರುವಾಯಿತು. ಹೊಸದನ್ನು ಬೇರೆ ಜಾಗದಲ್ಲಿ ಕೂರಿಸುವಷ್ಟು ಹೊತ್ತು ಮಾವ ಕುರ್ಚಿಯಲ್ಲೇ ನಿದ್ದೆ ಹೋದರು, ಎದ್ದರು. ಅವರನ್ನು ಮಂಚದಲ್ಲಿ ಮಲಗಿಸಿ ಅವಳು ಪಕ್ಕ ಕೂತಳು. ನಡುವಿನ ಬಾಗಿಲು ತೆರೆದಿತ್ತು, ಆಚೆ ಥಂಡಿ ಪರದೆಯ ಮುಂದೆ.

ಅದರಲ್ಲಿರುವುದನ್ನು ಒಂದೇ ಸಮನೆ ಓದಿಸಿದರೆ ಡ್ರೈವು ಬಿಸಿಯಾಗುತ್ತದೆ. ಅದನ್ನವನು ಮೊದಲೇ ಹೇಳಿದ್ದ. ಐವತ್ತು ಎಂದು ಕೂಗಿದ. ಮಾವನ ಹಣೆಯಲ್ಲಿ ಬೆವರೊಡೆಯಿತು. ಅರವತ್ತು ಎಂದ. ಅವರು ಬಿತ್ತನೆಯ ಮಾತಾಡತೊಡಗಿದರು. ಕೂರಿಗೆ ಎತ್ತು, ಸಾಲು ವಾರೆಯಾಯಿತು, ಅಲ್ಲಿ ಯಾರು ನಿಂತಿದ್ದಾರೆ ನೋಡು ಎಂದು ಬಡಬಡಿಸಿದರು. ಅವಳು ಒದ್ದೆ ಬಟ್ಟೆ ಹಾಕುತ್ತ ಸಾಕು, ನಿಲ್ಲಿಸು ಎಂದಳು. ನಡುವೆ ನಿಲ್ಲಿಸಿದರೆ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗುತ್ತದೆ ಎಂದು ಥಂಡಿ ಹೇಳಿದ. ಆ ಮಾತು ಹೇಳಿ ತಾನೇ ಹೆದರಿದ. ಟೇಬಲ್ ಫ್ಯಾನು ತಂದು ತೆರೆದ ಡಬ್ಬಿಗೆ ಹಿಡಿದ, ಮಾವನ ಉಸಿರು ಸ್ವಲ್ಪ ಇಳಿಯಿತು. ಹೀಗೆ ಇವಳು ಹಣೆ ಮುಟ್ಟಿ ಹೇಳುವುದು, ಅವನು ಫ್ಯಾನು ಹತ್ತಿರ ದೂರ ಮಾಡುವುದು. ಶೆಡ್ಡಿನಲ್ಲಿ ತಟ್ಟೆ ತಿರುಗಿಸುವ ಹೊತ್ತು ಮೀರಿಹೋದದ್ದು ಅವಳಿಗೆ ನೆನಪಾಗಲಿಲ್ಲ.

ಊಟದ ಹೊತ್ತಿಗೆ ಎಲ್ಲ ಇಳಿಯಿತು. ಥಂಡಿ ಯಂತ್ರ ಆರಿಸಿ, ಹಳೆಯ ಡ್ರೈವಿನ ತಿರುಪು ಬಿಚ್ಚಿ, ಹೀಟ್‌ಸಿಂಕ್ ಕಳಚಿ ಹೊಸದಕ್ಕೆ ಹಾಕಿ, ಹಳೆಯ ಪಟ್ಟಿಯನ್ನು ಕಪಾಟಿನ ಮೇಲಿಟ್ಟ. ಈ ಸಲ ಮಾವ ನಿದ್ದೆ ಹೋಗಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದರು. ಸ್ವಿಚ್ಚು ಹಾಕಿದಾಗಲೂ ಅವರಲ್ಲಿ ಏನೂ ಬದಲಾಗಲಿಲ್ಲ. ಜ್ವರ ಬಿಟ್ಟಿತು. ಎದ್ದು ಕೂತು ಚಹಾ ಕೇಳಿದರು. ಹಿಂದಿನ ವಾರದ ಮಳೆಗೆ ತಂಪಾಗಿದ್ದ ಕೋಣೆಯಲ್ಲಿ ಹೊಸ ಡ್ರೈವು ಮೂವತ್ತೊಂದು ತೋರಿಸುತ್ತಿತ್ತು, ಮುದುಕರ ಕೈ ಮಾತ್ರ ಹಬೆಯಾಡುವ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಥಂಡಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

"ಕಾವು ಹೆಚ್ಚಾಗಿದ್ದು ನಿಮ್ಮ ತಲೇಲಿ ಅತ್ತಿಗೆ. ನನ್ನನ್ನೂ ಸೇರಿಸಿ ಕುದಿಸಿಬಿಟ್ರಿ."

ಅವಳೂ ನಕ್ಕಳು. ಅತ್ತರೂ ಸರಿಹೋಗುತ್ತಿತ್ತು. ಅವನು ಹಗುರಾಗಿ ಕೆಲಸಕ್ಕೆ ಹೊರಟುಹೋದ. ಹೋಗುವಾಗ ಆ ಹಳೆಯ ಪಟ್ಟಿ ಇನ್ನು ಯಾವುದಕ್ಕೂ ಬಾರದು, ನಾಳೆ ಮುರಿದು ಹಾಕುತ್ತೇನೆ ಎಂದ.

ಮಾವ ಯಂತ್ರದ ಮುಂದೆ ಕೂತರು. ಅದೇ ತೊರೆ, ಅದೇ ಮರ, ಅರ್ಧ ಉತ್ತ ಕಪ್ಪು ನೆಲ. ಬಹಳ ಹೊತ್ತು ನೋಡಿದರು. ಟ್ರಾಕ್ಟರು ಹತ್ತಲಿಲ್ಲ.

"ಹೊಲ ಚೆನ್ನಾಗಿದೆ," ಎಂದರು. "ಯಾರದಮ್ಮ ಇದು?"

ನಿಮ್ಮದೇ ಎಂದಳು. ಅವರು ಮರ್ಯಾದೆಗೆಂಬಂತೆ ತಲೆಯಾಡಿಸಿ, ಬೇರೆಯವರ ಮನೆಯಿಂದ ಏಳುವ ಹಾಗೆ ಎದ್ದು, ಕಿಟಕಿಯ ಬಳಿಯ ತಮ್ಮ ಹಳೆಯ ಜಾಗಕ್ಕೆ ಹೋಗಿ ಕೂತರು.

ಅವಳು ಕಪಾಟಿನ ಮುಂದೆ ನಿಂತಳು. ತಂತಿಯಿಲ್ಲ, ಕರೆಂಟಿಲ್ಲ. ಅಷ್ಟು ತೆಳು ಪಟ್ಟಿ ಒಂದು ಲೋಟ ಚಹಾ ಕುಡಿಯುವುದರೊಳಗೆ ಆರಿಹೋಗಬೇಕಿತ್ತು. ಮುಟ್ಟಿದಳು. ಬಿಸಿಯಾಗಿತ್ತು. ಶೆಡ್ಡಿಗೆ ಹೋಗಿ ತಡವಾದ ತಟ್ಟೆಗಳನ್ನು ತಿರುಗಿಸಿ ಬಂದು ಮತ್ತೆ ಮುಟ್ಟಿದಳು. ಬೆಚ್ಚಗಿತ್ತು. ಆರುತ್ತಿತ್ತು, ಆದರೆ ಲೋಹ ಆರುವ ಹಾಗಲ್ಲ, ಮೈ ಆರುವ ಹಾಗೆ, ಅಷ್ಟು ನಿಧಾನವಾಗಿ. ಬಿಸಿಲು ಇಳಿಯುವ ಹೊತ್ತಿಗೆ ಅದು ಅವಳ ಬೆರಳಿಗೆ ಸ್ವಲ್ಪವೇ ತಣ್ಣಗೆನಿಸಿತು. ಕಿಟಕಿಯ ಬಳಿಯಿಂದ ಮಾವ ಹೊದಿಕೆ ಕೊಡು ಎಂದರು.

ಕಾವುಪೆಟ್ಟಿಗೆಯಲ್ಲಿಡೋಣವೆಂದುಕೊಂಡಳು. ಆದರೆ ಮರಿ ಒಡೆಯುವ ದಿನ ಅದನ್ನು ಖಾಲಿ ಮಾಡಿ ತೊಳೆಯಬೇಕು, ತಟ್ಟೆ ತಟ್ಟೆಯಲ್ಲೂ ಗಂಡ ಕೈಯಾಡಿಸುತ್ತಾನೆ. ಜನರೇಟರು ಎಂದಾದರೂ ಕೈಕೊಡುತ್ತದೆ. ಯಾವ ಕರೆಂಟಿನ ಹಂಗೂ ಇಲ್ಲದೆ ಅಷ್ಟೇ ಕಾವಿನಲ್ಲಿ ಇರುವುದು ಇನ್ನೊಂದೇ. ಅವಳು ಬಟ್ಟೆಯ ಚೂರಿನಲ್ಲಿ ಆ ಪಟ್ಟಿಯನ್ನು ಸುತ್ತಿ ಎದೆಯ ಬಳಿ, ಒಳ ಉಡುಪಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡಳು. ಹೊದಿಕೆ ತರುವಷ್ಟರಲ್ಲಿ ಮಾವ ಬೇಡವೆಂದರು.

ಮಾರನೆಯ ದಿನ ಥಂಡಿ ಕೇಳಿದ್ದಕ್ಕೆ ಓಡುಗಳ ಜೊತೆ ಗುಂಡಿಗೆ ಹಾಕಿದೆ ಎಂದಳು. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅವನು ಹೊಸ ಡ್ರೈವಿನ ಮೇಲಿದ್ದ ಹೊಲವನ್ನು ಅಳಿಸಿ ತನ್ನ ಯುದ್ಧದ ಆಟ ಹಾಕಿಕೊಂಡ. ಅಪ್ಪನಿಗೆ ಬೇಜಾರಾಗುತ್ತದೇನೋ ಎಂದು ಹಿಂದೆ ಮುಂದೆ ನೋಡಿದ್ದ. ಮಾವ ಆ ಕೋಣೆಯ ಕಡೆಗೆ ತಿರುಗಲೂ ಇಲ್ಲ. ದಿನಗಳು ಉರುಳಿದವು. ಅವಳು ಉಡುಪುಗಳಿಗೆಲ್ಲ ಒಳಗಿನಿಂದ ಒಂದು ಚಿಕ್ಕ ಜೇಬು ಹೊಲಿದುಕೊಂಡಳು. ಸ್ನಾನಕ್ಕೆ ಹೋಗುವಾಗ ಅದನ್ನು ಬಿಸಿನೀರಿನ ಹಂಡೆಯ ಅಂಚಿನ ಮೇಲಿಟ್ಟು, ಕಣ್ಣಲ್ಲಿ ಕಣ್ಣಿಟ್ಟು, ಗಡಿಬಿಡಿಯಲ್ಲಿ ನಾಲ್ಕು ಚೊಂಬು ಸುರಿದುಕೊಂಡು ಬರುವಳು. ತವರಿಗೆ ಹೋಗುವುದನ್ನು ಬಿಟ್ಟಳು. ಗಂಡನ ಮಗ್ಗುಲಲ್ಲಿ ಬೆನ್ನು ಮಾಡಿ ಮಲಗಿದಳು. ನಿನಗೇನಾಗಿದೆ ಎಂದು ಅವನು ಒಂದೆರಡು ಸಲ ಕೇಳಿ ಸುಮ್ಮನಾದ. ಕೆಲವೊಮ್ಮೆ ತಟ್ಟೆ ತಿರುಗಿಸುತ್ತ ಬಗ್ಗಿದಾಗ ಎದೆಯ ಬಳಿ ಸಣ್ಣಗೆ ಏನೋ ನಡೆದಂತಾಗುತ್ತಿತ್ತು, ದೂರದಲ್ಲಿ ಯಾರೋ ಉಳುತ್ತಿರುವ ಹಾಗೆ, ಸಾಲಿನ ಕೊನೆ ಮುಟ್ಟಿ ತಿರುಗಿಕೊಂಡ ಹಾಗೆ. ತನ್ನ ರಕ್ತದ ಓಟವಿರಬೇಕೆಂದು ಅವಳು ಸಮಾಧಾನ ಹೇಳಿಕೊಳ್ಳುವಳು.

ಗಾಳಿ ತಿರುಗುವ ಕಾಲದಲ್ಲಿ ಅವಳಿಗೆ ಜ್ವರ ಬಂತು. ಗಂಡ ಮಾತ್ರೆ ನುಂಗಿಸಿ, ತಟ್ಟೆಗಳನ್ನು ತಾನೇ ತಿರುಗಿಸಿ, ಮಧ್ಯಾಹ್ನ ಬೇಗ ಬರುತ್ತೇನೆಂದು ಹೊರಟ. ಥಂಡಿ ಯಾವುದೋ ಡೈರಿಗೆ ಹೋಗಿದ್ದ. ಜ್ವರ ಏರುತ್ತಿತ್ತು, ಮೈ ಕೆಂಡದಂತಾಗಿತ್ತು. ಅವಳು ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬಲಗೈ ಎದೆಯ ಮೇಲೆ.

ಪಾದ ಎಳೆಯುವ ಸದ್ದು ಹತ್ತಿರ ಬಂತು. ತಿರುಗಿ ನೋಡಿದಳು. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹೊರಗೆ ಚಳಿಗಾಳಿ ಬೀಸುತ್ತಿದ್ದರೂ ಅಂಗಿ ತೆಗೆದಿದ್ದರು. ಕತ್ತಿನಿಂದ, ಎದೆಯ ಬಿಳಿ ಕೂದಲಿನಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಮಗಳೇ," ಎಂದರು, ನೀರು ಕೇಳುವಷ್ಟು ಸಹಜವಾಗಿ. "ಅದನ್ನ ಸ್ವಲ್ಪ ಹೊರಗೆ ತೆಗಿ. ಬೇಯ್ತಿದೆ."

ಅವಳು ಯಾರಿಗೂ ಹೇಳಿರಲಿಲ್ಲ. ಜೇಬು ತಡಕಿ, ಬಟ್ಟೆಯ ಸುತ್ತು ಬಿಚ್ಚಿ, ಆ ಕಪ್ಪು ಪಟ್ಟಿಯನ್ನು ಅಂಗೈಯಲ್ಲಿಟ್ಟು ಕಿಟಕಿಯ ಸರಳಿನಾಚೆ ಕೈ ಚಾಚಿದಳು. ಗಾಳಿ ಅದರ ಮೇಲೆ ಆಡಿತು. ಮಾವ ಕಣ್ಣು ಮುಚ್ಚಿ, ಉಳುಮೆ ಮುಗಿಸಿ ಮರದ ನೆರಳಿಗೆ ಬಂದವರ ಹಾಗೆ ನಿಟ್ಟುಸಿರು ಬಿಟ್ಟರು. ಬೆವರು ಆರಿತು. ಅವಳು ಅವರ ಮುಖವನ್ನೇ ನೋಡುತ್ತ ಕೈ ಚಾಚಿಕೊಂಡೇ ಇದ್ದಳು. ಒಂದು ಗಳಿಗೆ, ಒಂದೇ ಗಳಿಗೆ, ಬೆರಳು ಸಡಿಲಿಸಿದರೆ ಏನಾದೀತು ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದುಹೋಯಿತು.

ಮುದುಕರು ಕಣ್ಣು ತೆರೆದರು. ಭುಜ ಸಣ್ಣಗೆ ನಡುಗಿತು.

"ಸಾಕಮ್ಮ," ಎಂದರು. "ಒಳಗಿಟ್ಕೋ."